ಕೂತೇ ಇರುವ ಮೈಗೆ ಇಷ್ಟೊಂದು ಹಸಿವು ಯಾಕೆ?

ಸಂಜೆ ನಾಲ್ಕರ ಹೊತ್ತಿಗೆ ನಮ್ಮ ಅಡುಗೆಮನೆಯಿಂದ ಒಂದು ಸದ್ದು ಬರುತ್ತದೆ. ನಿಪ್ಪಟ್ಟಿನ ಸ್ಟೀಲ್ ಡಬ್ಬದ ಮುಚ್ಚಳ ತೆಗೆಯುವ ಸದ್ದು. ನನ್ನ ಅಣ್ಣನ ಮಗ ನಮ್ಮ ಜೊತೆಯಲ್ಲೇ ಇದ್ದಾನೆ. ಇಪ್ಪತ್ತಾರರ ಹುಡುಗ, ಸಾಫ್ಟ್‌ವೇರ್ ಕೆಲಸ, ವಾರದಲ್ಲಿ ನಾಲ್ಕು ದಿನ ಮನೆಯಿಂದಲೇ ಡ್ಯೂಟಿ. ಮಧ್ಯಾಹ್ನ ಒಂದೂವರೆಗೆ ಅನ್ನ, ಹುಳಿ, ಪಲ್ಯ, ಮಜ್ಜಿಗೆ ಎಲ್ಲ ಕ್ರಮವಾಗಿಯೇ ಉಂಡಿರುತ್ತಾನೆ. ಆದರೂ ನಾಲ್ಕಕ್ಕೆ ಡಬ್ಬ ಬೇಕು. ಆರಕ್ಕೆ ಇನ್ನೇನಾದರೂ ಬಾಯಾಡಿಸಲು ಬೇಕು. ರಾತ್ರಿ ಊಟ ಮುಗಿದು, ಪಾತ್ರೆ ತೊಳೆದಿಟ್ಟು, ನಾನು ದೀಪ ಆರಿಸಿದ ಮೇಲೆ ಹನ್ನೊಂದರ ಸುಮಾರಿಗೆ ಕರೆಗಂಟೆ. ಬಾಗಿಲಲ್ಲಿ ಪೊಟ್ಟಣ ಹಿಡಿದ ಡೆಲಿವರಿ ಹುಡುಗ.

ಒಂದು ದಿನ ಡಬ್ಬ ಕೈಯಲ್ಲಿ ಹಿಡಿದುಕೊಂಡೇ ಅವನು ಕೇಳಿದ: ‘ಅತ್ತೆ, ಬೆಳಗ್ಗೆಯಿಂದ ಕೂತ ಜಾಗ ಬಿಟ್ಟು ಎದ್ದಿಲ್ಲ. ಮೈ ದಣಿದೇ ಇಲ್ಲ. ಆದ್ರೂ ಯಾಕೆ ಹಿಂಗೆ ಹಸಿವಾಗುತ್ತೆ?’ ಮೊಬೈಲ್ ತೋರಿಸಿದ. ಅವತ್ತಿನ ಹೆಜ್ಜೆಗಳ ಲೆಕ್ಕ 1,840.

ಅದು ಹಸಿವಲ್ಲ ಕಣೋ, ಬಾಯಿಚಪಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಮನೆಗಳಲ್ಲಿ ಹಿರಿಯರು ಇಂಥ ಪ್ರಶ್ನೆಗೆ ಕೊಡುತ್ತಾ ಬಂದ ಉತ್ತರವೇ ಅದು. ಹೇಳದೆ ನುಂಗಿಕೊಂಡೆ. ಯಾಕೆಂದರೆ ಅವನ ಪ್ರಶ್ನೆ ನಿಜವಾದದ್ದು. ಎಪ್ಪತ್ತು ವರ್ಷಗಳಿಂದ ವಿಜ್ಞಾನಿಗಳೂ ಅದನ್ನೇ ಕೇಳುತ್ತಿದ್ದಾರೆ. ಅವರಿಗೆ ಸಿಕ್ಕಿರುವ ಉತ್ತರ ಹುಡುಗನನ್ನು ದೂರುವಂಥದ್ದಲ್ಲ.

ಲೆಕ್ಕದ ಪ್ರಕಾರವಾದರೆ ಕಡಿಮೆ ದುಡಿದವನಿಗೆ ಕಡಿಮೆ ಹಸಿವಾಗಬೇಕು. ಗಾಡಿ ಓಡದಿದ್ದರೆ ಪೆಟ್ರೋಲ್ ಸುಡುವುದಿಲ್ಲ, ಬಂಕಿಗೆ ಹೋಗುವ ಅಗತ್ಯವೂ ಇಲ್ಲ. ಮೈಯ ವಿಷಯದಲ್ಲಿ ಈ ಲೆಕ್ಕ ತಪ್ಪುತ್ತದೆ ಎಂಬುದು ನಮ್ಮ ಹಳ್ಳಿಯವರಿಗೆ ಬೇರೆ ದಾರಿಯಲ್ಲಿ ಗೊತ್ತಿತ್ತು. ಮಾರಿಹಬ್ಬಕ್ಕೆ ಎಂದು ನಮ್ಮಜ್ಜ ಒಂದು ಬನ್ನೂರು ಟಗರನ್ನು ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿ ಮೇಯಿಸುತ್ತಿದ್ದರು. ಉಳಿದ ಕುರಿಗಳು ಬೆಳಗಾದರೆ ಬಯಲಿಗೆ ಹೋಗಿ ದಿನವಿಡೀ ಅಲೆದು ಬರುತ್ತಿದ್ದವು. ಇದು ಮಾತ್ರ ಗೂಟದ ಸುತ್ತ ಎರಡು ಮೊಳದ ಹಗ್ಗದಲ್ಲಿ ನಿಂತಲ್ಲೇ ನಿಂತು, ಮುಂದೆ ಹಾಕಿದ ಹುರುಳಿ ಹೊಟ್ಟನ್ನೂ ಸೊಪ್ಪನ್ನೂ ತಿನ್ನುತ್ತಾ ಹೋಗುತ್ತಿತ್ತು. ಎರಡು ತಿಂಗಳಲ್ಲಿ ಅದರ ಬೆನ್ನು ಚಪ್ಪಟೆಯಾಗಿ, ಕೈಯಿಟ್ಟರೆ ಮೂಳೆ ಸಿಗುತ್ತಿರಲಿಲ್ಲ. ಕಟ್ಟಿಹಾಕಿದ ಪ್ರಾಣಿ ತನ್ನ ಮೈಗೆ ಬೇಕಾದಷ್ಟನ್ನು ಮಾತ್ರ ತಿನ್ನುವಂತಿದ್ದರೆ ಕಟ್ಟಿ ಮೇಯಿಸುವ ಪದ್ಧತಿಯೇ ಹುಟ್ಟುತ್ತಿರಲಿಲ್ಲ. ನಡಿಗೆ ನಿಂತಾಗ ತಿನ್ನುವುದು ತಾನಾಗಿ ನಿಲ್ಲುವುದಿಲ್ಲ. ಆ ಪದ್ಧತಿ ನಿಂತಿರುವುದೇ ಈ ಗುಟ್ಟಿನ ಮೇಲೆ.

ಮನುಷ್ಯರಲ್ಲಿ ಇದನ್ನು ಮೊದಲು ಅಳೆದದ್ದು ನಮ್ಮ ದೇಶದಲ್ಲೇ. ಕಲ್ಕತ್ತದಿಂದ ಸ್ವಲ್ಪ ದೂರ, ಹೂಗ್ಲಿ ದಂಡೆಯ ಚೆಂಗೈಲ್ ಎಂಬ ಊರಿನ ಸೆಣಬಿನ ಗಿರಣಿಯಲ್ಲಿ. ಹಾರ್ವರ್ಡ್‌ನ ಪೌಷ್ಟಿಕಾಂಶ ತಜ್ಞ ಜೀನ್ ಮೇಯರ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳಾದ ರಾಯ್, ಮಿತ್ರ ಅವರು ಅಲ್ಲಿನ 213 ಮಂದಿಯ ಊಟ, ತೂಕ, ಕೆಲಸಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. 1956ರಲ್ಲಿ ಅದು ಪ್ರಕಟವಾಯಿತು. ಇಂಥ ಅಧ್ಯಯನಕ್ಕೆ ಗಿರಣಿ ಹೇಳಿ ಮಾಡಿಸಿದ ಜಾಗ. ಒಂದೇ ಆವರಣದಲ್ಲಿ ದಿನವಿಡೀ ಅಂಗಡಿಯ ಗಲ್ಲಾದ ಮುಂದೆ ಕೂತವರಿದ್ದರು, ಗುಮಾಸ್ತರಿದ್ದರು, ಮಗ್ಗದ ಮುಂದೆ ನಿಂತ ನೇಕಾರರಿದ್ದರು, ಕಲ್ಲಿದ್ದಲು ತುಂಬುವವರಿದ್ದರು, ಸೆಣಬಿನ ಭಾರದ ಹೊರೆ ಹೊರುವ ಕೂಲಿಗಳಿದ್ದರು.

ಹಗುರ ಕೆಲಸದವರಿಂದ ಹೊರೆ ಹೊರುವವರ ತನಕ ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು. ಕೆಲಸ ಹೆಚ್ಚಿದಂತೆ ಊಟವೂ ಹೆಚ್ಚು, ತೂಕ ಮಾತ್ರ ಹೆಚ್ಚುಕಡಿಮೆ ಒಂದೇ. ಮೈ ತಾನು ಖರ್ಚು ಮಾಡಿದ್ದನ್ನು ತಾನೇ ತುಂಬಿಕೊಳ್ಳುತ್ತಿತ್ತು. ಆದರೆ ಸಾಲಿನ ಇನ್ನೊಂದು ತುದಿಯಲ್ಲಿ, ಕೂತೇ ಇರುವವರ ಹತ್ತಿರ ಬಂದಾಗ ಗೆರೆ ಇಳಿಯುವ ಬದಲು ಮೇಲಕ್ಕೆ ತಿರುಗಿತ್ತು. ಅಂಗಡಿಯಲ್ಲಿ ಕೂತವರು ಹಗುರ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು. ಅವರ ಊಟ ಹೆಚ್ಚುಕಡಿಮೆ ಹೊರೆ ಹೊರುವವರಷ್ಟೇ ಇತ್ತು. ತೂಕವಂತೂ ಎಲ್ಲರಿಗಿಂತ ಹೆಚ್ಚು. ಇದಕ್ಕೆ ಎರಡು ವರ್ಷ ಮೊದಲೇ ಮೇಯರ್ ಇಲಿಗಳಲ್ಲೂ ಇದನ್ನೇ ಕಂಡಿದ್ದರು. ದಿನಕ್ಕೆ ಒಂದು ಗಂಟೆಯಷ್ಟು ಓಡಿದ ಇಲಿಗಳು ಸುಮ್ಮನೆ ಗೂಡಿನಲ್ಲಿ ಬಿದ್ದಿದ್ದ ಇಲಿಗಳಿಗಿಂತ ಕಡಿಮೆ ತಿಂದಿದ್ದವು.

ಅಂದರೆ, ಹಸಿವಿನ ತಕ್ಕಡಿ ಸರಿಯಾಗಿ ತೂಗಬೇಕಾದರೆ ಮೈ ಒಂದಿಷ್ಟಾದರೂ ಆಡುತ್ತಿರಬೇಕು. ಅದಕ್ಕಿಂತ ಕೆಳಗಿಳಿದರೆ ತಕ್ಕಡಿ ಕೈಕೊಡುತ್ತದೆ. ಇದೇ ಮೇಯರ್ ಹೇಳಿದ ಮಾತು.

ಇದಕ್ಕೊಂದು ಆಕ್ಷೇಪವಿದೆ, ನ್ಯಾಯವಾದದ್ದೇ. ಗಲ್ಲಾದ ಮುಂದೆ ಕೂತವನ ಕೈಯಲ್ಲಿ ನಾಲ್ಕು ಕಾಸು ಹೆಚ್ಚು, ತಿನ್ನುವ ಸಾಮಾನೂ ಹತ್ತಿರ. ಕೂಲಿಯವನು ಹಸಿದರೂ ಎಲ್ಲಿಂದ ತರಬೇಕು? ಒಂದು ಗಿರಣಿಯ ಒಂದು ಸಲದ ನೋಟದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಅದಕ್ಕೇ ಏನೋ, ಆ ಪ್ರಬಂಧ ಬಹಳ ಕಾಲ ಪುಸ್ತಕಗಳಲ್ಲಿ ಒಂದು ಉಲ್ಲೇಖವಾಗಿಯಷ್ಟೇ ಉಳಿಯಿತು. ಈ ಶತಮಾನದಲ್ಲಿ ಅದಕ್ಕೆ ಮತ್ತೆ ಜೀವ ಬಂದಿದೆ.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಆರು ಮಂದಿ ತೆಳ್ಳಗಿನ ಯುವಕರನ್ನು, ಸರಾಸರಿ ಇಪ್ಪತ್ತಮೂರರ ಪ್ರಾಯದವರನ್ನು, ಮೈಯ ಶಕ್ತಿವ್ಯಯ ಅಳೆಯುವ ಮುಚ್ಚಿದ ಕೋಣೆಯೊಳಗೆ ಇರಿಸಿ ನೋಡಿದರು. ಏಳು ದಿನ ಓಡಾಟ, ವ್ಯಾಯಾಮ ಎಲ್ಲ ಇತ್ತು. ಇನ್ನೊಂದು ಸುತ್ತಿನ ಏಳು ದಿನ ಬರೀ ಕೂತಿರುವುದು. ಎರಡು ಸಲವೂ ಬೇಕಾದಷ್ಟು ಉಣ್ಣಬಹುದಿತ್ತು. ಇಲ್ಲಿ ಕೈಯ ಕಾಸಿನ ಮಾತಿಲ್ಲ, ಅದೇ ಹುಡುಗರು, ಅದೇ ಊಟ. ಕೂತ ವಾರದಲ್ಲಿ ಖರ್ಚು ಗಣನೀಯವಾಗಿ ಇಳಿಯಿತು. ಊಟ ಮಾತ್ರ ಅದಕ್ಕೆ ತಕ್ಕಂತೆ ಇಳಿಯಲೇ ಇಲ್ಲ. ಉಳಿದದ್ದೆಲ್ಲ ಮೈಯಲ್ಲಿ ನಿಂತಿತು, ಬಹುಪಾಲು ಕೊಬ್ಬಾಗಿ. 2004ರಲ್ಲಿ ಪ್ರಕಟವಾದ ಈ ಪ್ರಯೋಗ ಚಿಕ್ಕದು, ಆದರೆ ಬಲು ಸ್ವಚ್ಛವಾದದ್ದು.

ಆಮೇಲೆ ಬಂದದ್ದು ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಅಧ್ಯಯನ. ರಾಬಿನ್ ಶೂಕ್, ಸ್ಟೀವನ್ ಬ್ಲೇರ್ ಮತ್ತು ಸಂಗಡಿಗರು 21ರಿಂದ 35 ವರ್ಷದೊಳಗಿನ 421 ಯುವಕ ಯುವತಿಯರನ್ನು ಒಂದು ವರ್ಷ ಹಿಂಬಾಲಿಸಿದರು. ಚಲನೆಯನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳಲಿಲ್ಲ, ತೋಳಿಗೆ ಕಟ್ಟಿದ ಉಪಕರಣದಿಂದ ಅಳೆದರು. ಚೆಂಗೈಲ್‌ನಲ್ಲಿ ಕಂಡ ಗೆರೆ ಅರುವತ್ತು ವರ್ಷಗಳ ಬಳಿಕ ಇಲ್ಲಿ ಮತ್ತೆ ಮೂಡಿತು. ಅತಿ ಕಡಿಮೆ ಓಡಾಡುವ ಗುಂಪಿನವರಿಗೆ ಖಾರದ, ಉಪ್ಪಿನ ತಿಂಡಿಗಳ ಬಯಕೆ ಹೆಚ್ಚು. ತಿನ್ನತೊಡಗಿದರೆ ತಡೆದುಕೊಳ್ಳುವ ಶಕ್ತಿ ಕಡಿಮೆ. ವರ್ಷದ ಕೊನೆಗೆ ಕೊಬ್ಬು ಏರಿದವರು ಅವರಲ್ಲೇ ಹೆಚ್ಚು. ತಕ್ಕಡಿ ಸರಿಯಾಗುವ ಜಾಗವನ್ನೂ ಅವರು ಅಂದಾಜು ಮಾಡಿದರು. ದಿನಕ್ಕೆ 7,116 ಹೆಜ್ಜೆ, ಅಂದರೆ ಸುಮಾರು ಐದು ಕಿಲೋಮೀಟರ್. ಈ ಅಂಕಿಯನ್ನು ಶಾಸನದಂತೆ ಹಿಡಿದುಕೊಳ್ಳಬೇಕಿಲ್ಲ. ಆದರೆ 1,840 ಅದಕ್ಕೆ ಎಷ್ಟು ದೂರದಲ್ಲಿದೆ ಎಂಬುದನ್ನು ನನ್ನ ಸೋದರಳಿಯನಿಗೆ ವಿವರಿಸಬೇಕಾಗಲಿಲ್ಲ.

ಹೀಗೇಕೆ? ಹಸಿವು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರೊಳಗೆ ಕನಿಷ್ಠ ಎರಡು ದನಿಗಳಿವೆ. ಒಂದು ‘ಬೇಕು’ ಅನ್ನುತ್ತದೆ, ಇನ್ನೊಂದು ‘ಸಾಕು’ ಅನ್ನುತ್ತದೆ.

‘ಬೇಕು’ ಎಂಬ ದನಿಯ ಬೇರು ನಮ್ಮ ಓಡಾಟದಲ್ಲಿಲ್ಲ, ಸುಮ್ಮನೆ ಬದುಕಿರುವುದರಲ್ಲಿದೆ. ಹೃದಯ, ಪಿತ್ತಜನಕಾಂಗ, ಮೂತ್ರಪಿಂಡ, ಮಿದುಳು, ಸ್ನಾಯು, ಇವೆಲ್ಲ ನಾವು ಮಲಗಿದ್ದಾಗಲೂ ಉರಿಯುವ ಒಲೆಗಳು. ದಿನದ ಒಟ್ಟು ಖರ್ಚಿನಲ್ಲಿ ಹೆಚ್ಚಿನ ಪಾಲು ಈ ಒಲೆಗಳದ್ದೇ. ಕೂತರೂ ಅವು ಆರುವುದಿಲ್ಲ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಜಾನ್ ಬ್ಲಂಡೆಲ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ಒಬ್ಬರು ದಿನಕ್ಕೆ ಎಷ್ಟು ಉಣ್ಣುತ್ತಾರೆ ಎಂಬುದು ಅವರ ಕೊಬ್ಬಿಲ್ಲದ ಮೈಯ ತೂಕದ ಜೊತೆ, ವಿಶ್ರಾಂತಿಯಲ್ಲಿ ಸುಡುವ ಶಕ್ತಿಯ ಜೊತೆ ನಂಟು ಹೊಂದಿದೆ. ಹಾಗಾಗಿ ಇಪ್ಪತ್ತಾರರ ಆರೋಗ್ಯವಂತ ಹುಡುಗನ ಮೈ, ಕುರ್ಚಿಯಲ್ಲಿ ಕೂತಿದ್ದರೂ, ಇಪ್ಪತ್ತಾರರ ಹಸಿವನ್ನೇ ಕೇಳುತ್ತದೆ.

ಕೂತಾಗ ಕೆಡುವುದು ಎರಡನೆಯ ದನಿ. ಊಟ ಹೊಟ್ಟೆಗಿಳಿದು ಕರುಳು ಮುಟ್ಟಿದಾಗ, ಅಲ್ಲಿಂದ ಒಂದಷ್ಟು ಹಾರ್ಮೋನುಗಳು ಹೊರಟು ‘ಬಂತು, ಸಾಕು’ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಇನ್ಸುಲಿನ್ ಕೂಡ ಮಿದುಳಿಗೆ ಇಂಥ ಸುದ್ದಿಯನ್ನು ಒಯ್ಯುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ನಿಧಾನವಾಗಿ, ದಿನ ವಾರಗಳ ಲೆಕ್ಕದಲ್ಲಿ ಅದನ್ನೇ ಹೇಳುತ್ತದೆ. ಈ ಸುದ್ದಿ ಮುಟ್ಟುವುದು ಕೇಳಿಸಿಕೊಳ್ಳುವ ಕಿವಿ ಚುರುಕಾಗಿದ್ದರೆ ಮಾತ್ರ. ಡೆನ್ಮಾರ್ಕಿನಲ್ಲಿ ಹತ್ತು ಮಂದಿ ಆರೋಗ್ಯವಂತ ಯುವಕರು ದಿನಕ್ಕೆ ಹತ್ತು ಸಾವಿರ ಹೆಜ್ಜೆಯಿಂದ ಸುಮಾರು 1,300 ಹೆಜ್ಜೆಗೆ ಇಳಿದರು. ಲಿಫ್ಟ್ ಹತ್ತಿದರು, ಕಾರಿನಲ್ಲಿ ಹೋದರು, ಅಷ್ಟೇ. ಎರಡೇ ವಾರದಲ್ಲಿ ಅವರ ಮೈ ಇನ್ಸುಲಿನ್ನಿಗೆ ಓಗೊಡುವ ಶಕ್ತಿ ಶೇ 17ರಷ್ಟು ಕುಗ್ಗಿತ್ತು. 2010ರ ಈ ಅಧ್ಯಯನ ಓದಿದಾಗ ನನಗೆ ನಿಜಕ್ಕೂ ಗಾಬರಿಯಾಯಿತು. 1,300 ಹೆಜ್ಜೆ ಅಂದರೆ ರೋಗಿಯ ಬದುಕಲ್ಲ, ನಮ್ಮ ಮನೆಯ ಹುಡುಗರ ಮಾಮೂಲಿ ಸೋಮವಾರ.

ಇದರ ಇನ್ನೊಂದು ಮುಖವೂ ಗಮನಿಸುವಂಥದ್ದು. ರೂಢಿಯಾಗಿ ವ್ಯಾಯಾಮ ಮಾಡುವವರಿಗೆ ಮತ್ತು ಮಾಡದವರಿಗೆ ಊಟಕ್ಕೆ ಮೊದಲು ಒಂದು ಲೋಟ ಪಾನೀಯ ಕೊಟ್ಟು ನೋಡಿದ ಪ್ರಯೋಗವಿದೆ. ಒಂದು ದಿನ ಅದು ಹೆಚ್ಚು ಕ್ಯಾಲೊರಿಯದ್ದು, ಇನ್ನೊಂದು ದಿನ ಕಡಿಮೆಯದ್ದು, ರುಚಿಯಲ್ಲಿ ವ್ಯತ್ಯಾಸ ಗೊತ್ತಾಗದು. ಮೈ ದಂಡಿಸುವವರು ಹೆಚ್ಚು ಕ್ಯಾಲೊರಿ ಕುಡಿದ ದಿನ ತಮಗೇ ತಿಳಿಯದಂತೆ ಊಟ ಕಡಿಮೆ ಮಾಡಿದರು. ಉಳಿದವರಿಗೆ ಎರಡೂ ದಿನ ಒಂದೇ ಆಗಿತ್ತು. ನಮ್ಮ ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವನು ಬಂದಾಗ ಬಗ್ಗಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಅಂಥದ್ದೊಂದು ಕೈ ಮೈಯೊಳಗೂ ಇದೆ. ಓಡಾಡುವ ಮೈಯಲ್ಲಿ ಆ ಕೈ ಸಕಾಲಕ್ಕೆ ಎಲೆಯ ಮೇಲೆ ಬರುತ್ತದೆ. ಕೂತ ಮೈಯಲ್ಲಿ ಬರುವುದು ತಡ, ಕೆಲವು ಸಲ ಬರುವುದೇ ಇಲ್ಲ.

ಇನ್ನು, ಇಂದಿನ ಯುವಕರು ಸುಮ್ಮನೆ ಕೂತಿರುವುದಿಲ್ಲ. ತಲೆ ಓಡಿಸುತ್ತಾ ಕೂತಿರುತ್ತಾರೆ. ಕೆನಡಾದ ಕ್ವಿಬೆಕ್‌ನ ಲವಾಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಫಿಲಿಪ್ ಶಾಪುಟ್ ಮತ್ತು ಏಂಜೆಲೊ ಟ್ರೆಂಬ್ಲೆ ಹದಿನಾಲ್ಕು ವಿದ್ಯಾರ್ಥಿನಿಯರಿಗೆ ಮೂರು ಬೇರೆ ಬೇರೆ ದಿನ 45 ನಿಮಿಷದ ಮೂರು ಕೆಲಸ ಕೊಟ್ಟರು. ಒಂದು ದಿನ ಕುರ್ಚಿಯಲ್ಲಿ ವಿಶ್ರಾಂತಿ. ಒಂದು ದಿನ ಒಂದು ಬರಹ ಓದಿ ಸಾರಾಂಶ ಬರೆಯುವುದು. ಇನ್ನೊಂದು ದಿನ ಕಂಪ್ಯೂಟರಿನಲ್ಲಿ ಪರೀಕ್ಷೆಗಳು. ಆಮೇಲೆ ಬೇಕಾದಷ್ಟು ಊಟ. ವಿಶ್ರಾಂತಿಯ ದಿನಕ್ಕಿಂತ ಓದು ಬರಹದ ದಿನ ಅವರು 203 ಕ್ಯಾಲೊರಿ ಹೆಚ್ಚು ಉಂಡರು, ಕಂಪ್ಯೂಟರಿನ ದಿನ 253. ಆ ಓದಿಗೆ ಮೈ ಹೆಚ್ಚುವರಿಯಾಗಿ ಖರ್ಚು ಮಾಡಿದ್ದು ಬರೀ ಮೂರು ಕ್ಯಾಲೊರಿ, ಕಾಲು ಚಮಚ ಸಕ್ಕರೆಗೂ ಕಡಿಮೆ. ಆ ಹೊತ್ತಿನಲ್ಲಿ ರಕ್ತದ ಸಕ್ಕರೆ ಮತ್ತು ಇನ್ಸುಲಿನ್ ಮಟ್ಟ ವಿಶ್ರಾಂತಿಯ ದಿನಕ್ಕಿಂತ ಹೆಚ್ಚು ಏರಿಳಿಯುತ್ತಿದ್ದವು. ಆ ತುಯ್ದಾಟವೇ ಹಸಿವಿನ ರೂಪ ತಾಳಿರಬಹುದು ಎಂಬುದು ಸಂಶೋಧಕರ ಊಹೆ.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಸಾಫ್ಟ್‌ವೇರ್ ಕಚೇರಿಗಳಿಗಿಂತ ಹೆಚ್ಚಾಗಿ ಬೆಂಗಳೂರಿನ ವಿಜಯನಗರದ, ಧಾರವಾಡದ ವಾಚನಾಲಯಗಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಊರು ಬಿಟ್ಟು ಬಂದ ಹುಡುಗ ಹುಡುಗಿಯರು ಎರಡಡಿ ಅಗಲದ ಮರದ ಗೂಡುಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಊರಲ್ಲಿ ಹೊಲ ಗದ್ದೆಯಲ್ಲಿ ಕೈಯಾಡಿಸಿ, ಅದಕ್ಕೆ ತಕ್ಕ ಊಟದ ಅಳತೆ ಕಲಿತು ಬಂದವರು. ಅಳತೆ ಹಾಗೇ ಉಳಿದಿದೆ, ಕೆಲಸ ಹೋಗಿದೆ. ಹತ್ತು ಮೀಟರ್ ದೂರದಲ್ಲಿ ಚಹಾ, ಬಜ್ಜಿ, ಎಗ್ ಪಫ್. ಅವರಿಗಿಂತ ಚಿಕ್ಕವರ ಪಾಡು ಇನ್ನೂ ಕಷ್ಟದ್ದು. ಹಾಸ್ಟೆಲ್ ಇರುವ ಒಂದು ಪಿಯು ಕಾಲೇಜಿಗೆ ಗೆಳತಿಯ ಮಗಳನ್ನು ನೋಡಲು ಹೋಗಿದ್ದೆ. ನೀಟ್, ಸಿಇಟಿ ಫಲಿತಾಂಶದ ಫ್ಲೆಕ್ಸ್ ಮೂರು ಮಹಡಿಯ ಎತ್ತರಕ್ಕಿತ್ತು. ಆಟದ ಮೈದಾನ ಎಲ್ಲಿ ಎಂದು ಕೇಳಿದೆ. ಬಸ್ಸುಗಳು ನಿಂತಿದ್ದ ಕಾಂಕ್ರೀಟ್ ಅಂಗಳವನ್ನು ತೋರಿಸಿದರು. ಹದಿನೇಳರ ವಯಸ್ಸಿನ ಮಕ್ಕಳನ್ನು ಎರಡು ವರ್ಷ ಹೀಗೆ ಕೂರಿಸಿ, ಆಮೇಲೆ ಮೈ ಬಂದಿದೆ, ತಿನ್ನುವುದು ಕಡಿಮೆ ಮಾಡು ಎಂದು ಅವರಿಗೇ ಹೇಳುವುದು ಅನ್ಯಾಯ. ಇದನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ.

ನಿದ್ದೆಯ ಮಾತೂ ಇಲ್ಲೇ ಸೇರಬೇಕು. ರಾತ್ರಿಗೆ ನಾಲ್ಕು ಗಂಟೆಯಷ್ಟೇ ಮಲಗಿದ ಹನ್ನೆರಡು ಯುವಕರಲ್ಲಿ, ಎರಡೇ ರಾತ್ರಿಗಳಲ್ಲಿ, ಹಸಿವೆಬ್ಬಿಸುವ ಗ್ರೆಲಿನ್ ಶೇ 28ರಷ್ಟು ಏರಿ, ಸಾಕೆನಿಸುವ ಲೆಪ್ಟಿನ್ ಶೇ 18ರಷ್ಟು ಇಳಿದದ್ದನ್ನು ಶಿಕಾಗೊದ ಸಂಶೋಧಕರು 2004ರಲ್ಲೇ ತೋರಿಸಿದ್ದಾರೆ. ದಿನವಿಡೀ ದಣಿಯದ ಮೈಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಹನ್ನೊಂದರ ಕರೆಗಂಟೆಯ ಹಿಂದೆ ಅದರ ಪಾಲೂ ಇರಬೇಕು.

ನಮ್ಮ ಹುಡುಗ ತೆಳ್ಳಗಿದ್ದಾನಲ್ಲ ಎಂದು ಸಮಾಧಾನ ಪಡುವ ತಾಯಂದಿರಿಗೆ ಒಂದು ಚಿತ್ರದ ಕಥೆ ಹೇಳಬೇಕು. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಚಿತ್ರ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ ಒಂದೇ, 22.3. ಮೈಯೊಳಗಿನ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನಮ್ಮ ಮೈ ತೆಳ್ಳಗೆ ಕಂಡೇ ಕೊಬ್ಬು ಕೂಡಿಟ್ಟುಕೊಳ್ಳಬಲ್ಲದು. ಇಂಥ ಮೈಯ ದೇಶದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರ ಅಂದಾಜಿನಂತೆ, ಸಾಕಷ್ಟು ಮೈ ಆಡಿಸದ ವಯಸ್ಕರು 2000ದಲ್ಲಿ ಶೇ 22ರಷ್ಟಿದ್ದವರು 2022ಕ್ಕೆ ಶೇ 49 ದಾಟಿದ್ದಾರೆ. ಹೆಂಗಸರಲ್ಲಿ ಅದು ಶೇ 57. ಸಂಜೆ ಒಬ್ಬಳೇ ನಿರ್ಭಯವಾಗಿ ನಡೆಯುವಂಥ ರಸ್ತೆ ನಮ್ಮ ಊರುಗಳಲ್ಲಿ ಎಷ್ಟಿವೆ ಎಂದು ಯಾವ ಹುಡುಗಿಯನ್ನು ಕೇಳಿದರೂ ಆ ಅಂಕಿಯ ಕಾರಣ ತಿಳಿಯುತ್ತದೆ.

ನಡೆದರೆ ಹಸಿವು ಹೆಚ್ಚಿ ಇನ್ನಷ್ಟು ತಿನ್ನುತ್ತೇವೆ ಎಂಬ ಭಯ ಅನೇಕರಿಗಿದೆ. ದಿನವಿಡೀ ಗುದ್ದಲಿ ಹಿಡಿಯುವವನ ವಿಷಯದಲ್ಲಿ ಅದು ಸರಿ, ಚೆಂಗೈಲ್‌ನ ಕೂಲಿಗಳೂ ಹಾಗೇ ಉಣ್ಣುತ್ತಿದ್ದರು. ಆದರೆ ಕೂತವನು ಎದ್ದು ನಡೆಯತೊಡಗಿದಾಗ ಆಗುವುದು ಬೇರೆ. ಬಿರುಸಾಗಿ ಓಡಿದ ಮೇಲಂತೂ ಸ್ವಲ್ಪ ಹೊತ್ತು ಗ್ರೆಲಿನ್ ಇಳಿದು ಹಸಿವೇ ಅಡಗುತ್ತದೆ. ಓಡಿ ಬಂದವರಿಗೆ ತಟ್ಟೆಯ ಮುಂದೆ ತಕ್ಷಣ ಕೂರಲು ಮನಸ್ಸಾಗದಿರುವುದು ಅದಕ್ಕೇ. ವಾರಗಟ್ಟಲೆ ಮುಂದುವರಿಸಿದರೆ ಬೆಳಗಿನ ಹಸಿವು ಸ್ವಲ್ಪ ಹೆಚ್ಚಬಹುದು, ಜೊತೆಗೆ ಅದೇ ತಿಂಡಿ ಮೊದಲಿಗಿಂತ ಹೆಚ್ಚು ಹೊತ್ತು ಹೊಟ್ಟೆಯಲ್ಲಿ ನಿಲ್ಲುತ್ತದೆ. ಎಲ್ಲರಲ್ಲೂ ಒಂದೇ ಸಮ ಆಗುವುದಿಲ್ಲ ಎಂಬುದೂ ನಿಜ. ವ್ಯಾಯಾಮದ ಬಳಿಕ ತಿಂದು ತೂಕ ಉಳಿಸಿಕೊಳ್ಳುವವರೂ ಇದ್ದಾರೆ. ಹಾಗಾಗಿ ತೂಕ ಇಳಿಸುವ ಉಪಾಯವೆಂದು ನಾನು ನಡಿಗೆಯ ಮಾತಾಡುತ್ತಿಲ್ಲ. ಹಸಿವಿನ ಮಾತು ಮತ್ತೆ ನಂಬುವಂತಾಗಲಿ ಎಂದಷ್ಟೇ.

ಯುಗಾದಿಗೆ ಊರಿಗೆ ಹೋದಾಗ ಸೋದರಳಿಯ ನಾಲ್ಕು ದಿನ ಲ್ಯಾಪ್‌ಟಾಪ್ ತೆಗೆಯಲಿಲ್ಲ. ಅಪ್ಪನ ಜೊತೆ ತೋಟಕ್ಕೆ ಹೋದ, ಮೋಟರ್ ಆನ್ ಮಾಡಲು ಎರಡು ಸಲ, ಬಿದ್ದ ತೆಂಗಿನಕಾಯಿ ಆಯ್ದು ರಾಶಿ ಹಾಕಲು ಒಂದು ಸಲ. ಮೂರನೆಯ ದಿನ ಮಧ್ಯಾಹ್ನ ನಮ್ಮಮ್ಮ ಹಳೆಯ ಅಭ್ಯಾಸದಲ್ಲಿ ಎರಡನೆಯ ಮುದ್ದೆ ತಂದರು. ಅವನು ಸಾರು ಮೆತ್ತಿದ ಬಲಗೈಯನ್ನೇ ತಟ್ಟೆಗೆ ಅಡ್ಡ ಹಿಡಿದ. ‘ಸಾಕಜ್ಜಿ, ನಿಜವಾಗ್ಲೂ ಸಾಕು.’ ಅವತ್ತು ನಾಲ್ಕು ಗಂಟೆಗೆ ಅವನು ಕಣದ ಕಟ್ಟೆಯ ಮೇಲೆ ಮಲಗಿ ನಿದ್ದೆ ಹೋಗಿದ್ದ. ಹಬ್ಬದ ತಿಂಡಿಯ ಡಬ್ಬ ಅಟ್ಟದ ಮೇಲಿಂದ ಇಳಿದಿರಲಿಲ್ಲ. ನಾಲ್ಕು ದಿನದಲ್ಲಿ ಮೈ ಬದಲಾಗಿಬಿಟ್ಟಿತು ಎನ್ನುತ್ತಿಲ್ಲ, ಒಬ್ಬ ಹುಡುಗನ ಒಂದು ಮಧ್ಯಾಹ್ನ ಯಾವುದಕ್ಕೂ ಪುರಾವೆಯಲ್ಲ. ಕಂಡದ್ದನ್ನು ಹೇಳಿದೆ.

ಬೆಂಗಳೂರಿಗೆ ಬಂದ ಮೇಲೆ ಒಂದಷ್ಟು ಬದಲಾವಣೆ ಮಾಡಿಕೊಂಡ. ಕ್ಯಾಮೆರಾ ಬೇಡದ ಮೀಟಿಂಗುಗಳನ್ನು ತಾರಸಿಯಲ್ಲಿ ನಡೆಯುತ್ತಾ ಕೇಳುತ್ತಾನೆ. ಊಟವಾದ ಕೂಡಲೇ ಕೆಳಗಿಳಿದು ಎರಡು ಸುತ್ತು. ಹಾಲು, ಕರಿಬೇವು, ಕೊತ್ತಂಬರಿ ಆ್ಯಪಿನಲ್ಲಿ ತರಿಸುವುದನ್ನು ಬಿಟ್ಟು ಮೂರನೇ ಕ್ರಾಸಿನ ಅಂಗಡಿಗೆ ತಾನೇ ಹೋಗುತ್ತಾನೆ. ಒಳ್ಳೆಯ ದಿನಗಳಲ್ಲಿ ಲೆಕ್ಕ ಏಳು ಸಾವಿರ ಮುಟ್ಟುತ್ತದೆ. ಅಂಥ ದಿನ ಡಬ್ಬದ ಸದ್ದು ಬಂದರೆ ಐದಕ್ಕೋ ಐದೂವರೆಗೋ ಬರುತ್ತದೆ, ಒಂದು ನಿಪ್ಪಟ್ಟಿಗೆ ಮುಚ್ಚಳ ಹಾಕುತ್ತಾನೆ.

ಕಳೆದ ವಾರ ಐದು ದಿನ ಬಿಡದೆ ಮಳೆ. ನಮ್ಮ ರಸ್ತೆಯ ಫುಟ್‌ಪಾತನ್ನು ಪೈಪ್ ಹಾಕಲು ಅಗೆದು ಹಾಗೇ ಬಿಟ್ಟಿದ್ದಾರೆ, ಅಂಗಡಿಗೆ ಹೋಗುವವರು ಬಸ್ಸಿನ ಪಕ್ಕದಲ್ಲೇ ಕೆಸರು ತುಳಿದು ಹೋಗಬೇಕು. ತಾರಸಿಯಲ್ಲಿ ನೀರು ನಿಂತಿತ್ತು. ಅವನ ಪ್ರಾಜೆಕ್ಟಿಗೂ ಅದೇ ವಾರ ಗಡುವು. ಶುಕ್ರವಾರ ಸಂಜೆ ನಾಲ್ಕಕ್ಕೆ ಮುಚ್ಚಳದ ಸದ್ದು ಬಂತು. ಹೋಗಿ ನೋಡಿದೆ. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, ನಿಪ್ಪಟ್ಟು ಕೈಯಲ್ಲಿ ಹಿಡಿದು, ಮಳೆ ನಿಂತಿತಾ ಎಂದು ಹೊರಗೆ ನೋಡುತ್ತಿದ್ದ.